ಬಾಡಿದ ಎಲೆಯ ವಾಕ್ಯ

ಕಳೆದ ವಾರ ವುಡ್‌ಬ್ರಿಡ್ಜಿನಲ್ಲಿರುವ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಪಕ್ಕದ ಮನೆಯವರು ಬೇಲಿಯಂಚಿನ ಕಾಡುಚೆರಿ ಮರವೊಂದನ್ನು ಕಡಿಸುತ್ತಿದ್ದರು. ಕಾರಿನ ಬಾಗಿಲು ತೆಗೆದದ್ದೇ ತಡ, ಸೀಳಿದ ತೊಗಟೆಯ ಕಹಿ ಬಾದಾಮಿ ವಾಸನೆ ಮೂಗಿಗೆ ಹೊಡೆಯಿತು. ಬಾಗಿಲಲ್ಲಿ ನಿಂತಿದ್ದ ಗೆಳತಿ, “ಎಷ್ಟು ಘಮ್ ಅಂತಿದೆ ಅಲ್ವಾ? ಬೆಳಿಗ್ಗೆಯಿಂದ ಸ್ವೀಟ್ ಅಂಗಡೀಲಿ ಕೂತ ಹಾಗಿದೆ,” ಎಂದಳು. ನಾನು ಒಳಗೆ ಹೋದವಳೇ ಕಿಟಕಿ ಮುಚ್ಚಿದೆ. ಅವಳ ಬಿಸಿಬೇಳೆಬಾತನ್ನು ಅರ್ಧ ತಟ್ಟೆಯಲ್ಲೇ ಬಿಟ್ಟು ಬಂದದ್ದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದಾಳೆ. ಕಾರಣ ಹೇಳಬೇಕೆಂದರೆ ಒಂದು ಇಡೀ ಬೇಸಿಗೆಯನ್ನೇ ಹೇಳಬೇಕು.

ಆ ಬೇಸಿಗೆಯಲ್ಲಿ ನಾನು ಒಂದು ವಾಕ್ಯವನ್ನು ಚಿಕ್ಕದು ಮಾಡಿದೆ. ಅದು ಹಿಲ್ಸ್‌ಬರೋದ ವಸುಧಾ ಆಂಟಿಯ ಆಡಿನ ಕೊಟ್ಟಿಗೆಯವರೆಗೂ ಹೋಯಿತು. ಹೋಗುವ ಮೊದಲು, ಫೆಬ್ರುವರಿಯಲ್ಲಿ ತೀರಿಕೊಂಡಿದ್ದ ಒಬ್ಬ ಮನುಷ್ಯ ನನ್ನನ್ನು ಮೂರು ಸಲ ತಡೆದ. ಸತ್ತವರು ತಡೆಯುವುದುಂಟೇ ಎಂದು ನಗುವವರು ನಗಲಿ. ಮೊದಲ ದಿನ ನಾನೂ ನಕ್ಕಿದ್ದೆ.

ಆ ವರ್ಷದ ಏಪ್ರಿಲ್‌ನಲ್ಲಿ ಇಲ್ಲಿನ ಒಂದು ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗಕ್ಕೆ ಬರವಣಿಗೆ ತಿದ್ದುವವಳಾಗಿ ಸೇರಿದ್ದೆ. ಮೈಸೂರಿನವಳಾದರೂ ಧಾರವಾಡದಲ್ಲಿ ನಾಲ್ಕು ವರ್ಷ ಕೃಷಿ ಓದಿದವಳು. ಮಣ್ಣೂ ಗೊತ್ತು, ಮಾತೂ ಗೊತ್ತು ಎಂಬ ಜಂಬ ಬೇಕಾದಷ್ಟಿತ್ತು. ರೈತರಿಗೆ, ಹಿತ್ತಲಲ್ಲಿ ಕೋಳಿ ಆಡು ಸಾಕಿಕೊಂಡವರಿಗೆ ಎಂದು ವಿಭಾಗದವರು ಎರಡೆರಡು ಪುಟದ ಮಾಹಿತಿ ಹಾಳೆಗಳನ್ನು ಹೊರತರುತ್ತಿದ್ದರು. ವಿಜ್ಞಾನಿಗಳು ಬರೆದ ಆ ಹಾಳೆಗಳನ್ನು ಓದಿ ಹೇಳಿದರೆ ಕೋಳಿಗೂ ತೂಕಡಿಕೆ ಬರುತ್ತಿತ್ತು. ಅವನ್ನು ಎಂಟನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುವಂತೆ ತಿದ್ದುವುದು ನನ್ನ ಕೆಲಸ. ಜೊತೆಗೆ, ಹತ್ತಾರು ಕಚೇರಿಗಳ ಕಂಪ್ಯೂಟರುಗಳಲ್ಲಿ ಚೆದುರಿ ಬಿದ್ದಿದ್ದನ್ನೆಲ್ಲ ಎಲ್ಲರೂ ಒಟ್ಟಿಗೆ ತೆರೆದು ತಿದ್ದಬಹುದಾದ ಆನ್‌ಲೈನ್ ಫೋಲ್ಡರಿಗೆ ತರಬೇಕಿತ್ತು. ಕತ್ತರಿಸುವುದರಲ್ಲಿ ನನ್ನ ಕೈ ಚುರುಕು. ಅಮ್ಮನ ಫೋನನ್ನೇ ನಡುವೆ ಕತ್ತರಿಸುವವಳು, ಪ್ರೊಫೆಸರುಗಳ ವಾಕ್ಯಗಳನ್ನು ಬಿಡುತ್ತೇನೆಯೇ?

ಎಚ್ಚರಿಕೆಯ ವಾಕ್ಯಗಳಿಗೆಂದೇ ಆ ಫೋಲ್ಡರಿನಲ್ಲಿ ಒಂದು ಪಟ್ಟಿ ಇತ್ತು. ಕೈ ತೊಳೆಯಿರಿ, ಮಕ್ಕಳಿಗೆ ಸಿಗದಂತೆ ಇಡಿ, ಇಂಥ ಗಿಡ ವಿಷ, ಹೀಗೆ. ಪಟ್ಟಿಯಲ್ಲಿ ಒಂದು ವಾಕ್ಯ ಬದಲಿಸಿದರೆ, ಅದು ಬಳಕೆಯಾದ ಅಷ್ಟೂ ಹಾಳೆಗಳಲ್ಲಿ ತಾನಾಗಿ ಬದಲಾಗುತ್ತಿತ್ತು. ಅದು ನನಗೆ ಬಹಳ ಹಿಡಿಸಿತ್ತು. ಒಂದು ಬೆರಳು ಆಡಿಸಿದರೆ ರಾಜ್ಯದ ಈ ತುದಿಯಿಂದ ಆ ತುದಿಯವರೆಗೆ ಮಾತು ಸುಲಭವಾಗುತ್ತದಲ್ಲ ಎಂದು ಹಿಗ್ಗುತ್ತಿದ್ದೆ.

ಹ್ಯಾರಿಸನ್ನಿನ ನನ್ನ ಅಪಾರ್ಟ್‌ಮೆಂಟಿನಿಂದ ಕಚೇರಿಗೆ ಒಂದು ಗಂಟೆಯ ಡ್ರೈವ್. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ಟ್ರಕ್ಕುಗಳು ನಿಲ್ಲುವ ಅಂಗಳದ ಹಿಂದೆ ಇಟ್ಟಿಗೆಯ ತಗ್ಗು ಕಟ್ಟಡ. ಹೆಚ್ಚಿನವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರಿಂದ ಮಂಗಳವಾರ, ಬುಧವಾರ ಅಲ್ಲಿರುತ್ತಿದ್ದುದು ನಾನು ಮತ್ತು ಕಚೇರಿಯ ಕಾರ್ಯದರ್ಶಿ ಕ್ಯಾರಲ್ ಮಾತ್ರ. ಎರಡು ಡಜನ್ ಮೇಜು, ಎರಡು ಡಜನ್ ಖಾಲಿ ಕುರ್ಚಿ. ಕ್ಯಾರಲ್ ಮುಂದಿನ ಕೋಣೆಯಲ್ಲಿ ಕೆಮ್ಮಿದರೆ ಹಿಂದಿನ ಕೋಣೆಯಲ್ಲಿದ್ದ ನಾನು ಬೆಚ್ಚಿ ಬೀಳುತ್ತಿದ್ದೆ. ನನ್ನ ಮೇಜಿನ ಎದುರಿನ ಕಿಟಕಿಗೆ ಒಂದು ದೊಡ್ಡ ಮರ ಒರಗಿಕೊಂಡಿತ್ತು. ಗಾಳಿ ಬಂದಾಗ ಟೊಂಗೆಯ ತುದಿ ಗಾಜನ್ನು ಮೆಲ್ಲಗೆ ಕೆರೆಯುತ್ತಿತ್ತು. ಅದು ಯಾವ ಮರ ಎಂದು ಎರಡು ತಿಂಗಳು ನಾನು ನೋಡಲೂ ಇಲ್ಲ.

ಆ ಮೇಜು ಮೊದಲು ವಾಲ್ಟರ್ ಎಂಬವರದ್ದು. ಮೂವತ್ತು ವರ್ಷ ಹೊಲ, ಹಟ್ಟಿ ತಿರುಗಿದ ವಿಸ್ತರಣಾ ಅಧಿಕಾರಿ. ಚಳಿಗಾಲದಲ್ಲಿ ಕಾಯಿಲೆಯಾಗಿ ತೀರಿಕೊಂಡಿದ್ದರು. ಕೆಳಗಿನ ಡ್ರಾಯರಿನಲ್ಲಿ ಅವರ ಕೆಸರಿನ ಬೂಟುಗಳು ಹಾಗೇ ಇದ್ದವು. ತೆಗೆಯಲು ಕ್ಯಾರಲ್‌ಗೆ ಮನಸ್ಸು ಬಂದಿರಲಿಲ್ಲ, ಮುಟ್ಟಲು ನನಗೆ ಮನಸ್ಸಿರಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಪಟ್ಟಿಯಲ್ಲಿ ಕಾಡುಚೆರಿಯ ವಾಕ್ಯಕ್ಕೆ ಬಂದೆ. ಇಂಗ್ಲಿಷಿನಲ್ಲಿ ಅದು ಸುಮಾರಾಗಿ ಹೀಗಿತ್ತು: ಗಾಳಿಮಳೆಗೆ ಮುರಿದು ಬಿದ್ದ ಕಾಡುಚೆರಿ ಟೊಂಗೆಯ ಬಾಡಿದ ಎಲೆಗಳು ಮರದ ಮೇಲಿನ ಹಸಿರೆಲೆಗಳಿಗಿಂತ ಹೆಚ್ಚು ಅಪಾಯಕಾರಿ, ಹಸಿರೆಲೆ ತಿಂದು ಏನೂ ಆಗದ ಪ್ರಾಣಿಗಳೂ ಬಾಡಿದ್ದನ್ನು ತಿಂದು ಸಾಯಬಹುದಾದ್ದರಿಂದ, ಬಿದ್ದ ಟೊಂಗೆಗಳನ್ನು ಅವು ತಲುಪುವ ಮೊದಲೇ ದೂರ ಸಾಗಿಸಬೇಕು. ಓದುವ ಸುಲಭವನ್ನು ಅಳೆಯುವ ಸಾಫ್ಟ್‌ವೇರು ಅದರ ಪಕ್ಕದಲ್ಲಿ ಕೆಂಪು ದೀಪ ಹಚ್ಚಿತು. ಒಂದೇ ಉಸಿರಿನಲ್ಲಿ ಎಷ್ಟು ಮಾತು ಎಂದು ನನಗೆ ರೇಗಿತು. ಎಲೆ ಅಂದರೆ ಎಲೆ. ಅಲ್ಲದೆ ಧಾರವಾಡದಲ್ಲಿ ನಾನು ಕಲಿತದ್ದು ಬೇರೆ. ಎಳೆ ಜೋಳದ ಪೈರು ಹಸಿಯಾಗಿದ್ದಾಗ ದನಕ್ಕೆ ವಿಷ, ಬೆಳೆದ ಮೇಲೆ ಒಣಗಿಸಿ ಕಣಿಕೆ ಎಂಬ ಒಣಮೇವು ಮಾಡಿ ಹಾಕಿದರೆ ಏನೂ ಆಗದು. ಜೋಳದಲ್ಲೂ ಕಾಡುಚೆರಿಯಲ್ಲೂ ವಿಷದ ಜಾತಿ ಒಂದೇ. ಹಾಗಿದ್ದ ಮೇಲೆ ಬಾಡಿದ್ದು ಹೆಚ್ಚು ಅಪಾಯ ಹೇಗಾದೀತು? ಯಾರೋ ಅತಿ ಎಚ್ಚರದವರು ಸೇರಿಸಿದ್ದು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. “ಕಾಡುಚೆರಿಯ ಎಲೆ ವಿಷ. ಪ್ರಾಣಿಗಳಿಗೆ ತಿನ್ನಿಸಬೇಡಿ,” ಎಂದು ಎರಡು ಪುಟ್ಟ ವಾಕ್ಯ ಮಾಡಿದೆ. ಹಸಿರು ದೀಪ ಬಂತು.

ಮರುದಿನ ಮಧ್ಯಾಹ್ನ ತೆರೆದರೆ ಹಳೆಯ ಉದ್ದದ ವಾಕ್ಯ ಮತ್ತೆ ಬಂದು ಕೂತಿತ್ತು. ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನು ಆ ಫೋಲ್ಡರು ಸಾಲಾಗಿ ದಾಖಲಿಸುತ್ತದೆ. ತೆರೆದು ನೋಡಿದೆ. ಹನ್ನೊಂದು ಗಂಟೆ ಏಳು ನಿಮಿಷ, ವಾಲ್ಟರ್. ಪಕ್ಕದಲ್ಲಿ ಒಂದು ಕಾಮೆಂಟ್: “ದಯವಿಟ್ಟು ‘ಬಾಡಿದ’ ಎಂಬುದನ್ನು ತೆಗೆಯಬೇಡಿ.” ಅದರ ಮೇಲೆ ಪುಟ್ಟ ವೃತ್ತದಲ್ಲಿ ಅವರ ಫೋಟೋ, ಹುಲ್ಲಿನ ಟೋಪಿ, ಬಿಸಿಲಿಗೆ ಕಿರಿದಾಗಿಸಿದ ಕಣ್ಣು.

ಯಾರೋ ಅವರ ಖಾತೆಯನ್ನು ಬಳಸುತ್ತಿದ್ದಾರೆ ಎಂದು ನಕ್ಕೆ. ಕ್ಯಾರಲ್‌ಳನ್ನು ಕೇಳಿದೆ.

“ಅವನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ,” ಎಂದಳು ಆಕೆ. “ಅವನ ಲ್ಯಾಪ್‌ಟಾಪ್ ಫೆಬ್ರುವರಿಯಿಂದ ನನ್ನ ಕಪಾಟಿನಲ್ಲೇ ಇದೆ. ಬ್ಯಾಟರಿ ಸತ್ತು ಹೋಗಿದೆ.”

“ಮನೆಯವರು?”

“ಒಬ್ಬನೇ ಇದ್ದ,” ಎಂದು ಹೇಳಿ ಕ್ಯಾರಲ್ ತನ್ನ ಕೆಲಸಕ್ಕೆ ತಿರುಗಿದಳು. ಆ ಮಾತು ಅವಳಿಗೆ ಬೇಡವಾಗಿತ್ತು.

ವಾಕ್ಯವನ್ನು ಅಂದು ಹಾಗೇ ಬಿಟ್ಟೆ. ವಾಲ್ಟರ್ ಅವರ ವಿಳಾಸಕ್ಕೇ ಒಂದು ಇಮೇಲ್ ಕಳಿಸಿದೆ: ಇದು ಯಾರು? ಕ್ಷಣದಲ್ಲಿ ಉತ್ತರ ಬಂತು. “ಹೊಲದ ಕಡೆ ಹೋಗಿದ್ದೇನೆ. ಸಂಜೆಯೊಳಗೆ ಬರುತ್ತೇನೆ.” ಬದುಕಿದ್ದಾಗ ಇಟ್ಟುಕೊಂಡಿದ್ದ ತಾನಾಗಿ ಹೋಗುವ ಉತ್ತರ ಅದು ಎಂದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಆ ಸಂಜೆ ಕತ್ತಲಾಗುವ ಮೊದಲೇ ಕಚೇರಿ ಬಿಟ್ಟೆ.

ಎರಡನೆಯ ಸಲ ಆದದ್ದು ನನ್ನ ಕಣ್ಣೆದುರಿಗೇ. ಮುಂದಿನ ಮಂಗಳವಾರ ಬೆಳಿಗ್ಗೆ ಹಟಕ್ಕೆ ಬಿದ್ದು ಮತ್ತೆ ತಿದ್ದಿದ್ದೆ. ಹನ್ನೊಂದು ನಲವತ್ತೊಂದು. ಡಬ್ಬಿ ತೆರೆದು ಮೊಸರನ್ನ ತಿನ್ನುತ್ತ ಪಟ್ಟಿಯನ್ನು ನೋಡುತ್ತಿದ್ದೆ. ನನ್ನ ಎರಡು ಪುಟ್ಟ ವಾಕ್ಯಗಳು ಮಾಯವಾದವು. ಅದೇ ಜಾಗದಲ್ಲಿ ಉದ್ದದ ವಾಕ್ಯ ಬಂದು ನಿಂತಿತು. ಬಲಗಡೆ ಟೋಪಿಯ ಫೋಟೋ ಮೂಡಿತು. “ಮತ್ತೆ ತೆಗೆದಿದ್ದೀರಿ. ಕಿಟಕಿಯ ಆಚೆ ನೋಡಿ. ಅದೇ ಮರ.”

ನೋಡಿದೆ. ಗಾಜಿಗೆ ಒತ್ತಿಕೊಂಡಿದ್ದ ಟೊಂಗೆಯಲ್ಲಿ ಉದ್ದನೆಯ ಹೊಳಪಿನ ಎಲೆಗಳು, ಬಿಳಿ ಹೂಗೊಂಚಲು. ಎರಡು ತಿಂಗಳಿಂದ ನನ್ನ ಮುಖದಿಂದ ಮೂರಡಿ ದೂರದಲ್ಲಿ ಇದ್ದದ್ದು ಕಾಡುಚೆರಿ ಮರ. ನಾನು ಆ ಮೇಜಿನಲ್ಲಿ ಕೂತಿದ್ದೇನೆಂದು ಇವರಿಗೆ ಹೇಗೆ ಗೊತ್ತು? ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಕಂಪ್ಯೂಟರು ತಾನಾಗಿ ಮಾಡುವ ಕೆಲಸವಾದರೆ ದಿನಾ ಒಂದೇ ನಿಮಿಷಕ್ಕೆ ಆಗಬೇಕು, ಇದು ಒಮ್ಮೆ ಏಳು, ಒಮ್ಮೆ ನಲವತ್ತೊಂದು; ಮನುಷ್ಯರು ಕಾಫಿ ಕುಡಿದು ನಿಧಾನವಾಗಿ ಬಂದು ಕೂರುವ ರೀತಿ. ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ವಿಚಾರ ನಿಂತುಬಿಡುತ್ತದೆ. ಆ ಮಾತು ಯಾಕಿದೆ ಎಂದು ಒಬ್ಬ ಪಶುವೈದ್ಯರನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಯಾರು ಬರೆದರು ಎಂದಷ್ಟೇ ಕೇಳುತ್ತಿದ್ದೆ.

ಮೂರನೆಯ ಸಲ ತೆಗೆದೆ. ಬುಧವಾರ ಹನ್ನೊಂದು ಹದಿನೆಂಟಕ್ಕೆ ಉತ್ತರ ಬಂತು. “ನಾನೂ ಒಮ್ಮೆ ತೆಗೆದಿದ್ದೆ.”

ಅಷ್ಟೇ. ಅದನ್ನು ಎರಡು ಸಲ ಓದಿದೆ. ಕಟ್ಟಡದಲ್ಲಿ ಸದ್ದಿಲ್ಲ, ಹೊರಗೆ ಬಿಸಿಲು, ಗಾಜಿನ ಮೇಲೆ ಟೊಂಗೆಯ ಕೆರೆತ. ಪರದೆಯ ಮೇಲಿನ ಆ ಕಿರಿದಾದ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಐಟಿ ವಿಭಾಗಕ್ಕೆ ಬರೆದೆ: ತೀರಿಕೊಂಡ ಸಿಬ್ಬಂದಿಯ ಖಾತೆ ಇನ್ನೂ ತೆರೆದಿದೆ, ಸುರಕ್ಷತೆಯ ದೃಷ್ಟಿಯಿಂದ ಮುಚ್ಚಿ. ಸುರಕ್ಷತೆ ಎಂಬ ಪದ ನಾನೇ ಹಾಕಿದ್ದು. ಎರಡು ದಿನದಲ್ಲಿ ಮುಚ್ಚಿದರು. ಟೋಪಿಯ ಫೋಟೋ ಹೋಗಿ ಅಲ್ಲೊಂದು ಬೂದು ವೃತ್ತ ಉಳಿಯಿತು. ನಾಲ್ಕನೆಯ ಸಲ ವಾಕ್ಯ ಕತ್ತರಿಸಿದೆ. ಹನ್ನೊಂದಾಯಿತು, ಹನ್ನೆರಡಾಯಿತು, ಏನೂ ಆಗಲಿಲ್ಲ. ಕೂಡಲೇ ಎಲ್ಲ ಹಾಳೆಗಳ ಹೊಸ ಪ್ರತಿ ತೆಗೆದು ಎಲ್ಲ ಕಚೇರಿಗಳಿಗೂ ಕಳಿಸಿದೆ.

ಈಗ ವಸುಧಾ ಆಂಟಿಯ ವಿಷಯ. ಧಾರವಾಡದ ಕಡೆಯವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಅರಿವಳಿಕೆ ಡಾಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಹಿಲ್ಸ್‌ಬರೋದಲ್ಲಿ ಐದು ಎಕರೆ ಜಾಗವಿದ್ದ ಮನೆ ತೆಗೆದುಕೊಂಡು ನಾಲ್ಕು ಆಡು ಸಾಕಿದರು. ಅವಕ್ಕೆ ತಮ್ಮ ಆಪರೇಷನ್ ಥಿಯೇಟರಿನ ನರ್ಸುಗಳ ಹೆಸರಿಟ್ಟಿದ್ದರು: ಮೇರಿ, ನ್ಯಾನ್ಸಿ, ಲಿಂಡಾ. ನಾಲ್ಕನೆಯದು ತಾಯಿ ಸತ್ತ ಮರಿ. ಅದನ್ನು ಅಡುಗೆಮನೆಯಲ್ಲಿ ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದರು. ಅದರ ಹೆಸರು ಗಂಗವ್ವ. ಅಂಕಲ್‌ಗೆ ಆಡಿನ ವಾಸನೆ ಆಗದು. ಅವರು ಒಳಗೆ ಕ್ರಿಕೆಟ್ ನೋಡುತ್ತಿದ್ದರು. ಕನ್ನಡ ಕೂಟದಲ್ಲಿ ಪರಿಚಯವಾದ ದಿನವೇ ಆಂಟಿ ನನ್ನನ್ನು ಹಿಡಿದುಕೊಂಡರು. ಧಾರವಾಡದಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ ಅವರ ಮನೆಯಲ್ಲಿ ನನಗೆ ಮಗಳ ಸಲಿಗೆ.

ಜೂನ್ ಮೊದಲ ಶನಿವಾರ ಹೊಸ ಹಾಳೆಗಳ ಕಟ್ಟನ್ನು ಅವರಿಗೆ ತೋರಿಸಲು ಒಯ್ದೆ. ಕೊಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಹಳೆಯ ಹಾಳೆಯೊಂದು ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ತೆಗೆದು, ಮಡಚಿ, ನನ್ನ ಚೀಲಕ್ಕೆ ಹಾಕಿಕೊಂಡು, ಹೊಸದನ್ನು ಅದೇ ಮೊಳೆಗೆ ಸಿಕ್ಕಿಸಿದೆ. ಆಂಟಿ ಕನ್ನಡಕ ಏರಿಸಿ ಓದಿದರು.

“ಛಲೋ ಆಗ್ಯದ. ಮೊದಲಿಂದು ಓದೂದ್ರಾಗ ಆಡು ಮುದುಕಿ ಆಗ್ತಿತ್ತು. ಆದ್ರ ಶೈಲಾ, ಈ ಚೆರಿ ಎಲಿ ವಿಷ ಅಂತ ಬರದೀಯಲಾ? ಇವು ದಿನಾ ಬೇಲಿ ಮ್ಯಾಲಿಂದ ನಾಲ್ಕು ಎಲಿ ಕಿತ್ತು ತಿಂತಾವ. ಏನೂ ಆಗಿಲ್ಲ.”

“ಸ್ವಲ್ಪ ತಿಂದ್ರೆ ಗೊತ್ತಾಗಲ್ಲ ಆಂಟಿ. ನಿಮ್ಮೂರಿನ ಎಳೇ ಜೋಳ ಇಲ್ವಾ, ಅದೇ ಥರ. ಹಸೀದು ಜಾಸ್ತಿ ಆದ್ರೆ ಕಷ್ಟ.”

“ಹಾಂ, ಅದು ಗೊತ್ತು ತಗೋ. ನಮ್ಮಪ್ಪನ ಎತ್ತು ಒಂದು ಹಂಗ ಹೋತು. ಒಣಗಿಸಿ ಕಣಿಕಿ ಮಾಡಿ ಹಾಕಿದ್ರ ಏನೂ ಆಗೂದಿಲ್ಲ.”

“ಹೂಂ,” ಎಂದೆ. ತಲೆಯನ್ನೂ ಆಡಿಸಿದೆ. ಅವರು ಹೇಳಿದ್ದು ಜೋಳದ ಮಾತು. ನಾನು ಹೂಂ ಎಂದದ್ದೂ ಜೋಳಕ್ಕೇ. ಅದು ಚೆರಿಗೂ ಅಂಟಿಕೊಂಡಿತು ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಆಡುಗಳನ್ನು ಕಾಯಲು ಉಳಿದಿದ್ದ ಕೊನೆಯ ಮಾತು ಆಗ ನನ್ನ ಚೀಲದಲ್ಲಿ ಮಡಚಿ ಕೂತಿತ್ತು.

ಜುಲೈ ನಡುವಿನಲ್ಲಿ ಒಂದು ಮಧ್ಯಾಹ್ನ ಆಕಾಶ ಹಸಿರುಗಪ್ಪಾಯಿತು. ಫೋನುಗಳೆಲ್ಲ ಒಟ್ಟಿಗೆ ಕಿರುಚಿ ಎಚ್ಚರಿಕೆ ಕೊಟ್ಟವು. ಇಪ್ಪತ್ತು ನಿಮಿಷ ಗಾಳಿ, ಆಲಿಕಲ್ಲು. ನಿಂತಾಗ 206ನೇ ಹೆದ್ದಾರಿಯ ಉದ್ದಕ್ಕೂ ಮರಗಳು ಬಿದ್ದಿದ್ದವು, ಕರೆಂಟು ಇರಲಿಲ್ಲ. ಕಚೇರಿಯ ಕಿಟಕಿಯ ಮರವೂ ಅರ್ಧ ಸೀಳಿ ಅಂಗಳಕ್ಕೆ ಬಿದ್ದಿತ್ತು; ಆ ವಾಸನೆ ಗಾಜಿನ ಸಂದಿನಿಂದ ಒಳಗೆಲ್ಲ ತುಂಬಿಕೊಂಡಿತು. ಆಂಟಿಗೆ ಫೋನ್ ಮಾಡಿದೆ. “ಎಲ್ಲಾ ಆರಾಮ. ಬೇಲಿ ಕಡೆ ದೊಡ್ಡ ಟೊಂಗಿ ಒಂದು ಬಿದ್ದದ, ಕಡಿಯವರು ಬರೂದು ಎಂಟು ದಿನಾ ಆಗ್ತದಂತ,” ಎಂದರು. ನಾನು ಹಾಗೆಯೇ ಇನ್ನೊಂದು ಮಾತಿಗೆ ಹೋದೆ. ಟೊಂಗೆ ಯಾವ ಮರದ್ದು ಎಂದು ಕೇಳಲಿಲ್ಲ.

ಮೂರು ದಿನವಾದ ಮೇಲೆ ಬೆಳಿಗ್ಗೆ ಅಂಕಲ್‌ರಿಂದ ಫೋನ್ ಬಂತು. ಆಂಟಿ ಫೋನಿಗೆ ಬರಲಾರರು, ನೀನು ಬಾ ಎಂದಷ್ಟೇ ಹೇಳಿದರು.

ಹೋದಾಗ ಹೊತ್ತೇರಿತ್ತು. ಕೊಟ್ಟಿಗೆಯ ಮುಂದಿನ ಹುಲ್ಲಿನಲ್ಲಿ ಗಂಗವ್ವನೂ ನ್ಯಾನ್ಸಿಯೂ ಬಿದ್ದಿದ್ದವು. ಉಳಿದೆರಡು ಬೇಲಿಯ ಮೂಲೆಯಲ್ಲಿ ಒತ್ತಾಗಿ ನಿಂತು, ಅಲ್ಲಾಡದೆ ನಮ್ಮನ್ನು ನೋಡುತ್ತಿದ್ದವು. ಒಂದೂ ಅರಚಲಿಲ್ಲ. ಆಡುಗಳು ಅಷ್ಟು ಮೌನವಾಗಿ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಬೇಲಿಯ ಮೇಲೆ ಸಾಲಾಗಿ ಹರವಿದ ಚೆರಿಯ ಸಣ್ಣ ಟೊಂಗೆಗಳು. ಎಲೆಗಳು ಮೆತ್ತಗೆ ಬಾಡಿ ಜೋತುಬಿದ್ದಿದ್ದವು. ಆ ಬಾದಾಮಿ ವಾಸನೆ ಹುಲ್ಲಿಗೂ ಹತ್ತಿತ್ತು.

ಆಂಟಿ ಗಂಗವ್ವನ ಪಕ್ಕದಲ್ಲಿ ಕೂತಿದ್ದರು. “ಕಣಿಕಿ ಹಂಗ ಎರಡು ದಿನಾ ಬಿಸಲಿಗೆ ಹಾಕಿದೆ,” ಎಂದರು. “ಛಂದ ಬಾಡಿದ್ವು. ಇನ್ನ ವಿಷ ಹೋಗಿರ್ತದ ಅಂತ ನನ್ನ ಕೈಯಿಂದನ ಹಾಕಿದೆ. ಹತ್ತು ಮಿನಿಟು ಆಗಿಲ್ಲ, ಇದು ಮೊಣಕಾಲೂರಿತು. ವಸಡಿ ನೋಡಿದೆ, ಕೆಂಪಗ ಅದ. ಉಸಿರಿಗೆ ಒದ್ದಾಡೂ ಜೀವದ ವಸಡಿ ಅಷ್ಟು ಕೆಂಪಗ ಇರಬಾರದು. ನನಗ ಗೊತ್ತಾತು, ಸೈನೈಡ್ ಅಂತ. ರಕ್ತದಾಗ ಗಾಳಿ ಅದ, ಮೈಗೆ ತಗೊಳ್ಳಿಕ್ಕೆ ಆಗವಲ್ಲದು. ಮೂವತ್ತು ವರ್ಷ ಮಂದೀನ್ನ ಉಸಿರಾಡಿಸೀನಿ ಶೈಲಾ. ಇದರ ಮುಂದ ಸುಮ್ಮನ ಕೂತೆ. ವೆಟ್ ಬರೂದ್ರಾಗ ಎಲ್ಲಾ ಮುಗದಿತ್ತು.”

ನಾನು ಅವರ ಹತ್ತಿರಕ್ಕೆ ಹೋದೆ.

“ನಂದ ತಪ್ಪು. ನಿಮ್ಮ ಹಾಳಿನಾಗ ತಿನ್ನಿಸಬ್ಯಾಡ್ರಿ ಅಂತನ ಇತ್ತು. ನಾನ ಶಾಣ್ಯಾಕಿ ಆಗಲಿಕ್ಕೆ ಹೋದೆ,” ಎಂದು ಅವರು ಅಳತೊಡಗಿದರು. ಅವರ ಬೆನ್ನ ಮೇಲೆ ಕೈಯಿಟ್ಟು ಕೂತೆ. ಆ ಕೈಯೇ ಹಳೆಯ ಹಾಳೆಯನ್ನು ಮೊಳೆಯಿಂದ ಕಿತ್ತದ್ದು. ಬಾಯಿ ಬಿಡಲು ಧೈರ್ಯ ಬರಲಿಲ್ಲ. ಅದನ್ನು ಇವತ್ತಿಗೂ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಸೋಮವಾರ ಎಲ್ಲಕ್ಕಿಂತ ಮೊದಲು ಉದ್ದದ ವಾಕ್ಯವನ್ನು ಪಟ್ಟಿಗೆ ಹಿಂದಕ್ಕೆ ಹಾಕಿ, ಎಲ್ಲ ಕಚೇರಿಗಳಿಗೂ ಹಾಳೆ ಬದಲಿಸಲು ಬರೆದೆ. ಆಮೇಲೆ ಐಟಿ ವಿಭಾಗದವರಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿ, ವಾಲ್ಟರ್ ಅವರ ಖಾತೆಯಲ್ಲಿ ಏನಿತ್ತು ನೋಡಬೇಕು ಎಂದೆ. ಮುಚ್ಚಿದ ಖಾತೆಗಳನ್ನು ಕೆಲವು ಕಾಲ ತೆಗೆದಿಟ್ಟಿರುತ್ತಾರೆ. ಅಲ್ಲಿನವನೊಬ್ಬ ಹುಡುಕಿ, ನನ್ನ ಪರದೆಗೂ ಕಾಣುವಂತೆ ತೆರೆದು ತೋರಿಸಿದ.

“ನೀವು ಹೇಳಿದ ದೆವ್ವ ಹದಿನೆಂಟು ಸಾಲು ಇದೆ,” ಎಂದ. ವಾಲ್ಟರ್ ತಮ್ಮ ಆನ್‌ಲೈನ್ ಖಾತೆಯಲ್ಲೇ, ಲ್ಯಾಪ್‌ಟಾಪಿನ ಹಂಗಿಲ್ಲದೆ ಓಡುವ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದರು. ದಿನಾ ಹನ್ನೊಂದರಿಂದ ಹನ್ನೆರಡರೊಳಗೆ ಯಾವಾಗಲಾದರೂ ಅದು ಎದ್ದು, ಆ ಒಂದು ವಾಕ್ಯ ಹಾಗೇ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಹಿಂದಕ್ಕೆ ಹಾಕಿ, ಮೊದಲೇ ಬರೆದಿಟ್ಟ ಕಾಮೆಂಟುಗಳಲ್ಲಿ ಮುಂದಿನದನ್ನು ಅಂಟಿಸುತ್ತದೆ. ಕಾಯಿಲೆ ಗೊತ್ತಾದ ಮೇಲೆ, ಕಳೆದ ಚಳಿಗಾಲದಲ್ಲಿ, ವಾಲ್ಟರ್ ಹುಡುಗರ ಜೊತೆ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದರೆಂದು ಕ್ಯಾರಲ್ ಅಂದು ಹೇಳಿದಳು. ಇನ್ನೇನು ಹೋಗುವವನಿಗೆ ಇದೆಲ್ಲ ಯಾಕೆ ಎಂದು ಅವಳೇ ತಮಾಷೆ ಮಾಡಿದ್ದಳಂತೆ. ತನ್ನ ಮೇಜಿಗೆ ಯಾರೋ ಒಬ್ಬರು ಬರುತ್ತಾರೆ, ಬಂದವರು ಕತ್ತರಿಸುತ್ತಾರೆ ಎಂದು ಅವರು ಲೆಕ್ಕ ಹಾಕಿದ್ದರು. ಬಂದವಳು ನಾನು.

ಕಾಮೆಂಟುಗಳು ನಾಲ್ಕಿದ್ದವು. ಐದನೆಯ ಸಲ ಯಾರೂ ತೆಗೆಯಲಾರರು ಎಂದು ಅವರು ನಂಬಿದ್ದಿರಬೇಕು. ನಾನು ಮೂರನ್ನು ಓದಿ ಬಾಗಿಲು ಹಾಕಿಸಿದ್ದೆ. ನಾಲ್ಕನೆಯದು ಹೀಗಿತ್ತು:

“ಈ ವಾಕ್ಯ ಉದ್ದವಾಯಿತೆಂದು ಬಹಳ ಹಿಂದೆ ನಾನೇ ಕತ್ತರಿಸಿ ಅಚ್ಚು ಹಾಕಿಸಿದ್ದೆ. ಬಿರುಗಾಳಿಯ ನಂತರ ಒಬ್ಬರ ಮನೆಯಲ್ಲಿ ಮೂರು ಕರು ಸತ್ತವು. ನನ್ನ ಹಾಳೆಯಲ್ಲಿ ಬಿದ್ದ ಟೊಂಗೆಯ ಮಾತೇ ಇರಲಿಲ್ಲ. ಅವರ ಮನೆಗೆ ಹೋಗಿ, ತಪ್ಪು ನನ್ನದು ಎಂದೆ. ಅವರು ಒಂದು ಮಾತೂ ಆಡಲಿಲ್ಲ. ತಲೆಯಾಡಿಸಿ ಗೇಟು ಹಾಕಿಕೊಂಡರು. ಆಮೇಲೆ ಎಂದೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಾಕ್ಯ ಉದ್ದವೇ ಇರಲಿ.”

ಅದನ್ನು ಓದಿದ ಮೇಲೆ ನನಗೆ ಅವರ ಬಗ್ಗೆ ಇದ್ದ ಹೆದರಿಕೆ ಹೋಯಿತು. ಅದಕ್ಕಿಂತ ದೊಡ್ಡ ಹೆದರಿಕೆಯೊಂದು ಅದೇ ಜಾಗದಲ್ಲಿ ಬಂದು ಕೂತಿತು. ಆ ಮನುಷ್ಯ ಒಂದು ಮುಚ್ಚಿದ ಗೇಟಿನ ಮುಂದೆ ವರ್ಷಗಟ್ಟಲೆ ನಿಂತಿದ್ದರು. ಸತ್ತ ಮೇಲೂ ದಿನಾ ಹನ್ನೊಂದು ಗಂಟೆಗೆ ಹೋಗಿ ನಿಲ್ಲುತ್ತಿದ್ದರು. ನಾನು ಸುಮ್ಮನಿದ್ದರೆ ಆಂಟಿ ತನ್ನನ್ನೇ ಬೈದುಕೊಂಡು ಉಳಿದ ಆಯುಷ್ಯ ಕಳೆಯುತ್ತಾರೆ. ಹೇಳಿದರೆ ನನಗೆ ಈ ದೇಶದಲ್ಲಿದ್ದ ಒಂದೇ ಒಂದು ಸ್ವಂತ ಮನೆ ಹೋಗುತ್ತದೆ. ಬುಧವಾರದವರೆಗೂ ಅನ್ನ ಸೇರಲಿಲ್ಲ.

ಬುಧವಾರ ಬೆಳಿಗ್ಗೆ ಹೋದೆ. ಆಂಟಿ ಕೊಟ್ಟಿಗೆಯ ಗೇಟಿನ ಒಳಗೆ ನೀರಿನ ತೊಟ್ಟಿ ತೊಳೆಯುತ್ತಿದ್ದರು. ನಾನು ಹೊರಗೇ ನಿಂತು, ಹಳೆಯ ಹಾಳೆಯನ್ನು ಬಿಚ್ಚಿ ಅವರ ಕೈಗೆ ಕೊಟ್ಟೆ.

“ಇದರಲ್ಲಿತ್ತು ಆಂಟಿ. ಬಿದ್ದ ಟೊಂಗೆದು, ಬಾಡಿದ ಎಲೆದು, ಎಲ್ಲಾ ಇತ್ತು. ಚೆರಿ ಎಲೆ ಬಾಡೋವಾಗ್ಲೇ ವಿಷ ಹೊರಗೆ ಬರೋದಂತೆ, ಜೋಳದ ಥರ ಅಲ್ಲ. ನಾನೇ ತೆಗೆದೆ. ನಾಲ್ಕು ಸಲ ತೆಗೆದೆ. ಬೇಡ ಅಂದ್ರೂ ಕೇಳ್ಲಿಲ್ಲ. ನೀವು ಕಣಿಕೆ ಅಂದಾಗ್ಲೂ ಹೂಂ ಅಂದೆ. ತಪ್ಪು ನಿಮ್ಮದಲ್ಲ.”

ಅವರು ಕೈ ಒರೆಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನ ಮುಖ ನೋಡಲಿಲ್ಲ. ತಲೆಯಾಡಿಸಿದರು. ಆಮೇಲೆ ಗೇಟಿಗೆ ಕೈ ಹಾಕಿ, ಮೆಲ್ಲಗೆ ಎಳೆದು, ಚಿಲಕ ಹಾಕಿದರು.

ನಾನು ಕಾರಿನ ಕಡೆ ತಿರುಗಿ ನಡೆದೆ. ಬಾಗಿಲು ತೆಗೆಯುವಾಗ ಹಿಂದಿನಿಂದ ಅವರ ದನಿ ಕೇಳಿತು.

“ಶೈಲಾ.”

ತಿರುಗಿದೆ. ಅವರು ಗೇಟಿನ ಮೇಲೆ ಎರಡೂ ಕೈಯೂರಿ ನಿಂತಿದ್ದರು.

“ಇವತ್ತ ನನ್ನ ಕಡೆ ಆಗೂದಿಲ್ಲ. ಬಾಯಿಗೆ ಏನೂ ಬರವಲ್ಲದು. ನಾಳೆ ಹತ್ತಕ್ಕ ಬಾ. ನಿನಗ ಬೈಬೇಕು.”

ಮರುದಿನ ರಜೆ ಹಾಕಿ ಹತ್ತಕ್ಕೆ ಐದು ನಿಮಿಷ ಮೊದಲೇ ಹೋಗಿ ನಿಂತೆ. ಗೇಟು ತೆಗೆದೇ ಇತ್ತು. ಅಡುಗೆಮನೆಯಲ್ಲಿ ಕೂರಿಸಿಕೊಂಡು ಬೈದರು. ನನ್ನ ಓದಿಗೆ ಬೈದರು, ನನ್ನ ಹಸಿರು ದೀಪಕ್ಕೆ ಬೈದರು, ಗೊತ್ತಿಲ್ಲದಾಗ ಕೇಳಲು ಬಾಯಿಗೆ ಏನಾಗಿತ್ತು ಎಂದು ಬೈದರು. ಗಂಗವ್ವ ಮಲಗುತ್ತಿದ್ದ ಮೂಲೆಯನ್ನು ತೋರಿಸಿ, ನೋಡು, ಸರಿಯಾಗಿ ನೋಡು ಎಂದು ಬೈದರು. ಅಂಕಲ್ ಒಮ್ಮೆ ಇಣುಕಿ, ಕ್ರಿಕೆಟ್ಟಿನ ದನಿ ತಗ್ಗಿಸಿ ಹಿಂದಕ್ಕೆ ಹೋದರು. ನಡುವೆ ಆಂಟಿ ನೀರು ಕುಡಿದರು, ಅತ್ತರು, ಕಣ್ಣೊರೆಸಿಕೊಂಡು ಮತ್ತೆ ಬೈದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡೆ. ಅವರು ನಿಲ್ಲಿಸಿದಾಗ ಗಡಿಯಾರದಲ್ಲಿ ಹನ್ನೆರಡು ಹೊಡೆದಿತ್ತು. ತಟ್ಟೆ ಹಾಕಿ, “ಉಣ್ಣು,” ಎಂದರು. ಉಂಡೆ.